ಬ್ಯಾಕಪ್ ಶುರುವಾದರೆ ಸಾಕು, ಫೋನಿನಲ್ಲಿ ದನಿ ಕಟ್ ಆಗುತ್ತದೆ: ಸ್ವಿಚ್ಚಿನಲ್ಲಿ ಕ್ಯೂಒಎಸ್ (ಯಾವ ಟ್ರಾಫಿಕ್ ಮೊದಲು ಅನ್ನುವ ಏರ್ಪಾಡು) ಇದ್ದೂ ಯಾಕೆ ಹೀಗೆ?

ದಾವಣಗೆರೆ_ಡೆಸ್ಕ್

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಮಹಡಿಯ ಆಫೀಸು. ಮಹಡಿಗೊಂದು ಸಿಸ್ಕೊ ಕ್ಯಾಟಲಿಸ್ಟ್ 2960 ನೆಟ್‌ವರ್ಕ್ ಸ್ವಿಚ್ ಇದೆ. ಕೆಳಗೆ ಸರ್ವರ್ ರೂಮಿನಲ್ಲಿ ಒಂದು 3750. ಮಹಡಿಯ ಪೋರ್ಟುಗಳೆಲ್ಲ 100 ಎಂಬಿಪಿಎಸ್, ಕೆಳಗಿಳಿಯುವ ಅಪ್‌ಲಿಂಕ್ ಮಾತ್ರ 1 ಜಿಬಿಪಿಎಸ್. ಮಹಡಿಗೆ ಇಪ್ಪತ್ತು ಐಪಿ ಫೋನ್, ಫೋನಿನ ಹಿಂದೆ ಕಂಪ್ಯೂಟರ್. ಫೋನುಗಳು ಸಿಸ್ಕೊ ಅಲ್ಲ, ಬೇರೆ ಕಂಪನಿಯವು. ಕಾಲ್‌ಗಳನ್ನು ನಡೆಸುವ ಆಸ್ಟರಿಸ್ಕ್ ಸರ್ವರ್ ಮತ್ತು ಬ್ಯಾಕಪ್‌ನ ನಾಸ್ (ಸ್ಟೋರೇಜ್ ಪೆಟ್ಟಿಗೆ) ಎರಡೂ ಕೆಳಗಿವೆ.

ಊಟದ ಹೊತ್ತಿನಲ್ಲಿ ಒಂದು ಮಹಡಿ ಆದ ಮೇಲೆ ಇನ್ನೊಂದು ಮಹಡಿಯ ಬ್ಯಾಕಪ್ ಓಡುತ್ತದೆ. ಯಾವ ಮಹಡಿಯದು ಓಡುತ್ತಿದೆಯೋ ಆ ಮಹಡಿಯ ಫೋನುಗಳಲ್ಲಿ ದನಿ ಕಟ್ ಕಟ್ ಆಗುತ್ತದೆ. ಇನ್ನೊಂದು ಕಾಟ ಸಂಜೆಯದು. ಐದು ಗಂಟೆ ಸುಮಾರಿಗೆ ದಿನದ ಫೈಲುಗಳು ಹೆಡ್ ಆಫೀಸಿಗೆ ಅಪ್‌ಲೋಡ್ ಆಗುತ್ತವೆ. ಆಗ ಹೊರಗಿನ ಕಾಲ್‌ಗಳು ಕೆಡುತ್ತವೆ. ಲೈನ್ 50 ಎಂಬಿಪಿಎಸ್ ಲೀಸ್ಡ್.

ಮೊದಲು ನೋಡಿಕೊಳ್ಳುತ್ತಿದ್ದವರು ಕ್ಯೂಒಎಸ್ ಹಾಕಿಟ್ಟು ಹೋಗಿದ್ದಾರೆ. ಕಾನ್ಫಿಗ್‌ನಲ್ಲಿ 'ಎಂಎಲ್‌ಎಸ್ ಕ್ಯೂಒಎಸ್' ಎನ್ನುವ ಸಾಲು ಇದೆ, ಫೋನಿನ ಪೋರ್ಟುಗಳಲ್ಲಿ 'ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿವೈಸ್ ಸಿಸ್ಕೊ-ಫೋನ್' ಅಂತ ಇದೆ. ಫೋನಿಗೆ ಇನ್ನೂ ಜಾಸ್ತಿ ಪ್ರಯಾರಿಟಿ ಕೊಟ್ಟರೆ ಮುಗೀತಲ್ವಾ? ಹೇಗೆ ಕೊಡಬೇಕು?

ಹಳೇಕೇಬಲ್

ಸರ್, ಬ್ಯಾಕಪ್ಪನ್ನು ರಾತ್ರಿಗೆ ಹಾಕಿ. ಒಂದು ಸಾಲೂ ಟೈಪ್ ಮಾಡಬೇಕಿಲ್ಲ.

ದಾವಣಗೆರೆ_ಡೆಸ್ಕ್

ಆಗಲ್ಲ ಸರ್. ಆರು ಗಂಟೆಗೆ ಮಹಡಿಗಳ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕುತ್ತಾರೆ. ಅದು ಯಜಮಾನರ ನಿಯಮ. ನಾನು ಕೇಳಿ ನೋಡಿದೆ.

ರಾತ್ರಿಪಾಳಿ

ನಾನು ಬೆಂಗಳೂರಿನ ಒಂದು ಎನ್‌ಒಸಿಯಲ್ಲಿ (ನೆಟ್‌ವರ್ಕ್ ನೋಡಿಕೊಳ್ಳುವ ಕೇಂದ್ರ) ಕೆಲಸ ಮಾಡುತ್ತೇನೆ. ನಿಮ್ಮದು ಎರಡು ಬೇರೆ ಬೇರೆ ಕಾಯಿಲೆ. ಮಧ್ಯಾಹ್ನದ್ದು ಲ್ಯಾನ್ (ಆಫೀಸಿನ ಒಳಜಾಲ) ಒಳಗಿನದು, ಸಂಜೆಯದ್ದು ಹೊರಗಿನ ಲೈನಿನದು. ಒಂದೇ ಮದ್ದು ಎರಡಕ್ಕೂ ನಡೆಯುವುದಿಲ್ಲ.

ಪ್ರಯಾರಿಟಿ ಅನ್ನುವುದು ಪ್ಯಾಕೆಟ್ಟುಗಳ ಸಾಲು (ಕ್ಯೂ) ಇದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ದೇವಸ್ಥಾನದಲ್ಲಿ ಜನವೇ ಇಲ್ಲದ ದಿನ ವಿಶೇಷ ದರ್ಶನದ ಟಿಕೆಟ್ ತಗೊಂಡು ಏನು ಲಾಭ? ಪೋರ್ಟು ಖಾಲಿ ಇದ್ದರೆ ಯಾವ ಪ್ಯಾಕೆಟ್ ಬಂದರೂ ತಕ್ಷಣ ಹೊರಟುಬಿಡುತ್ತದೆ, ಅದರ ಡಿಎಸ್‌ಸಿಪಿಯಲ್ಲಿ (ಪ್ಯಾಕೆಟ್ಟಿನ ಪ್ರಯಾರಿಟಿ ಗುರುತು) ದನಿಯ 46 ಬರೆದಿದ್ದರೂ ಅಷ್ಟೆ, ಮಾಮೂಲಿ 0 ಬರೆದಿದ್ದರೂ ಅಷ್ಟೆ. ಆದ್ದರಿಂದ ಮೊದಲು ಸಾಲು ಎಲ್ಲಿ ನಿಲ್ಲುತ್ತಿದೆ ಅಂತ ಹುಡುಕಬೇಕು. ಕಮಾಂಡ್ ಆಮೇಲೆ.

ಮಧ್ಯಾಹ್ನದ ಲೆಕ್ಕ ನೋಡಿ. ಒಂದು ಮಹಡಿಯ 20 ಕಂಪ್ಯೂಟರ್ ತಲಾ 100 ಎಂಬಿಪಿಎಸ್ ತಳ್ಳಿದರೆ 2 ಜಿಬಿಪಿಎಸ್. ಅಪ್‌ಲಿಂಕ್ ಇರುವುದು 1. ಸಾಲು ನಿಲ್ಲುವುದು ಅಲ್ಲೇ, ಮಹಡಿಯ ಸ್ವಿಚ್ಚು ಅಪ್‌ಲಿಂಕಿಗೆ ಪ್ಯಾಕೆಟ್ ಹೊರಹಾಕುವ ಜಾಗದಲ್ಲಿ.

ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಪ್ರಶ್ನೆ. ಬ್ಯಾಕಪ್ ಓಡುವಾಗ ಮೇಲಿನವರು ಕೆಳಗಿನವರ ಜೊತೆ ಮಾತಾಡಿದರೆ ಯಾರ ದನಿ ಕಟ್ ಆಗುತ್ತದೆ?

ದಾವಣಗೆರೆ_ಡೆಸ್ಕ್

ಇವತ್ತು ರಿಸೆಪ್ಷನ್‌ನಲ್ಲಿ ಕೂತು ನೋಡಿದೆ. ಮೇಲಿನವರ ಮಾತು ಕೆಳಗಿನವರಿಗೆ ತುಂಡು ತುಂಡಾಗಿ ಕೇಳುತ್ತದೆ. ಕೆಳಗಿನವರ ಮಾತು ಮೇಲೆ ನೀಟಾಗಿ ಕೇಳುತ್ತದೆ!

ರಾತ್ರಿಪಾಳಿ

ಸರಿಯಾಗಿ ಸಿಕ್ಕಿತು. ಬ್ಯಾಕಪ್ ಮೇಲಿನಿಂದ ಕೆಳಗೆ ಹರಿಯುತ್ತದೆ. ಅದೇ ದಿಕ್ಕಿನ ದನಿ ಮಾತ್ರ ಕೆಡುತ್ತಿದೆ.

ಈಗ ಇದನ್ನು ನೋಡಿ. ಮೇಲಿನ ಯಾವುದಾದರೂ ಫೋನಿನ ಪೋರ್ಟಿಗೆ 'ಷೋ ಎಂಎಲ್‌ಎಸ್ ಕ್ಯೂಒಎಸ್ ಇಂಟರ್‌ಫೇಸ್' ಕೊಡಿ, ಟ್ರಸ್ಟ್ ಸ್ಟೇಟ್ ಏನಿದೆ ಹೇಳಿ. ಆಮೇಲೆ ಅದೇ ಕಮಾಂಡಿನ ಕೊನೆಗೆ 'ಸ್ಟಾಟಿಸ್ಟಿಕ್ಸ್' ಸೇರಿಸಿ. ಫೋನಿನ ಪೋರ್ಟಿನಲ್ಲಿ ಒಳಬರುವ ಡಿಎಸ್‌ಸಿಪಿ 46 ಎಷ್ಟಿದೆ, ಅಪ್‌ಲಿಂಕಿನಲ್ಲಿ ಹೊರಹೋಗುವ 46 ಎಷ್ಟಿದೆ ನೋಡಿ.

ದಾವಣಗೆರೆ_ಡೆಸ್ಕ್

ಟ್ರಸ್ಟ್ ಸ್ಟೇಟ್: ನಾಟ್ ಟ್ರಸ್ಟೆಡ್. ಫೋನಿನ ಪೋರ್ಟಿನಲ್ಲಿ 46ರ ಎದುರು ದೊಡ್ಡ ಸಂಖ್ಯೆ ಇದೆ. ಅಪ್‌ಲಿಂಕಿನಲ್ಲಿ 46ರ ಎದುರು ಸೊನ್ನೆ. ಅಂದರೆ ದಾರಿಯಲ್ಲಿ ಅಳಿಸಿಹೋಗುತ್ತಿದೆಯಾ?

ರಾತ್ರಿಪಾಳಿ

ಹೌದು, ನಿಮ್ಮ ಸ್ವಿಚ್ಚೇ ಅಳಿಸುತ್ತಿದೆ. ಇದು ಕೆಟ್ಟಿದ್ದಲ್ಲ, ಈ ಸರಣಿಯ ಸ್ವಿಚ್ಚು ಇರುವುದೇ ಹಾಗೆ. 2960, 3560, 3750 ಇವುಗಳಲ್ಲಿ 'ಎಂಎಲ್‌ಎಸ್ ಕ್ಯೂಒಎಸ್' ಹಾಕದಿದ್ದರೆ ಸ್ವಿಚ್ಚು ಯಾವ ಗುರುತನ್ನೂ ಮುಟ್ಟುವುದಿಲ್ಲ. ಹಾಕಿದ ಕ್ಷಣದಿಂದ ಎಲ್ಲ ಪೋರ್ಟೂ ನಂಬಿಕೆಗೆ ಅನರ್ಹ. ನಂಬಿಕೆಯಿಲ್ಲದ ಪೋರ್ಟಿನಿಂದ ಬಂದ ಪ್ಯಾಕೆಟ್ಟಿನ ಡಿಎಸ್‌ಸಿಪಿಯನ್ನು 0 ಮಾಡಿ ಮುಂದೆ ಕಳಿಸುತ್ತದೆ.

'ಟ್ರಸ್ಟ್ ಡಿವೈಸ್ ಸಿಸ್ಕೊ-ಫೋನ್' ಸಾಲಿನ ಅರ್ಥ ಏನೆಂದರೆ, ಸಿಡಿಪಿ (ಸಿಸ್ಕೊ ಸಾಧನಗಳು ಒಂದನ್ನೊಂದು ಗುರುತಿಸುವ ವಿಧಾನ) ಮೂಲಕ ಎದುರಿಗೆ ಸಿಸ್ಕೊ ಫೋನ್ ಇದೆ ಅಂತ ಗೊತ್ತಾದರೆ ಮಾತ್ರ ನಂಬು. ನಿಮ್ಮ ಫೋನುಗಳು ಬೇರೆ ಕಂಪನಿಯವು. ಆ ಷರತ್ತು ಯಾವತ್ತೂ ಪೂರೈಸುವುದಿಲ್ಲ. ಬಹುಶಃ ಮೊದಲು ಸಿಸ್ಕೊ ಫೋನ್ ಇದ್ದವು, ಆಮೇಲೆ ಬದಲಾಯಿಸಿದ್ದಾರೆ. ಹೌದಾ?

ಅದರ ಮೇಲೆ ಇನ್ನೊಂದು ಪೆಟ್ಟು ಬಿದ್ದಿದೆ. ಕ್ಯೂಒಎಸ್ ಆಫ್ ಇದ್ದಾಗ ಪೋರ್ಟಿನ ಪೂರ್ತಿ ಬಫರ್ (ಪ್ಯಾಕೆಟ್ ಕಾಯುವ ಜಾಗ) ಒಂದೇ ಸಾಲಿಗೆ ಸಿಗುತ್ತದೆ. ಆನ್ ಮಾಡಿದರೆ ನಾಲ್ಕು ಸಾಲು, ತಲಾ ಶೇ 25. ನಿಮ್ಮಲ್ಲಿ ಎಲ್ಲದರ ಗುರುತೂ 0 ಆಗಿದೆ, ಅಂದರೆ ಬ್ಯಾಕಪ್ಪೂ ದನಿಯೂ ಒಟ್ಟಿಗೆ ಎರಡನೇ ಸಾಲಿನಲ್ಲಿ ನೂಕಾಡುತ್ತಿವೆ. ಉಳಿದ ಮೂರು ಸಾಲಿಗೆ ಎತ್ತಿಟ್ಟ ಜಾಗ ಸುಮ್ನೆ ಬಿದ್ದಿದೆ.

ದಾವಣಗೆರೆ_ಡೆಸ್ಕ್

ಹೌದು ಸರ್, ಫೋನ್ ಬದಲಾಯಿಸಿದ್ದು ನಾನು ಸೇರುವ ಮೊದಲು.

ಹಳೇಕೇಬಲ್

ಹಾಗಾದರೆ 'ನೋ ಎಂಎಲ್‌ಎಸ್ ಕ್ಯೂಒಎಸ್' ಹೊಡೆದು ಮನೆಗೆ ಹೋಗಿ ಸರ್. ಅರ್ಧಂಬರ್ಧ ಕ್ಯೂಒಎಸ್‌ಗಿಂತ ಇಲ್ಲದಿರುವುದೇ ಮೇಲು. ಜೊತೆಗೆ 2960ಗೆ ಎರಡನೇ ಅಪ್‌ಲಿಂಕ್ ಕೇಬಲ್ ಹಾಕಿ ಈಥರ್‌ಚಾನಲ್ ಮಾಡಿ, ಅಂದರೆ ಎರಡನ್ನೂ ಸೇರಿಸಿ ಒಂದೇ ಲಿಂಕ್ ಮಾಡಿ. 2 ಜಿಬಿಪಿಎಸ್ ಆಯಿತು. ಸಾಲೇ ಇಲ್ಲದ ಮೇಲೆ ಪ್ರಯಾರಿಟಿ ಯಾಕೆ?

ಅಮೆರಿಕದ ಯೂನಿವರ್ಸಿಟಿಗಳ ಇಂಟರ್ನೆಟ್2 ಜಾಲದವರು ಕ್ಯೂಬೋನ್ ಅಂತ ಪ್ರೀಮಿಯಂ ಸೇವೆ ಕಟ್ಟಲು ಹೊರಟು, 2002ರಲ್ಲಿ ಇದು ನಡೆಯುವ ಮಾತಲ್ಲ ಅಂತ ಬರೆದಿಟ್ಟು ಕೈಬಿಟ್ಟರು. ಲೈನ್ ದೊಡ್ಡದು ಮಾಡುವುದೇ ಅಗ್ಗ ಅನ್ನುವುದು ಅವರಿಗೂ ಕಂಡಿತ್ತು.

ರಾತ್ರಿಪಾಳಿ

ನಿಮ್ಮ ಮೊದಲ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸರಿಯಾಗಿ ಹಾಕಲು ಪುರುಸೊತ್ತಿಲ್ಲದಿದ್ದರೆ ಆಫ್ ಮಾಡುವುದೇ ಒಳ್ಳೆಯದು. ಎರಡನೇ ಕೇಬಲ್ಲಿಗೂ ನನ್ನ ವೋಟು ಇದೆ. ಅದು ಬಂದರೆ ಇಕ್ಕಟ್ಟು ನಾಸ್‌ನ ಪೋರ್ಟಿಗೆ ಹೋಗುತ್ತದೆ, ಆ ದಾರಿಯಲ್ಲಿ ದನಿ ಹೋಗುವುದೇ ಇಲ್ಲ.

ಕ್ಯೂಬೋನ್ ಉದಾಹರಣೆ ಮಾತ್ರ ಇಲ್ಲಿಗೆ ಸಲ್ಲದು. ಅದು ನೂರಾರು ಸಂಸ್ಥೆಗಳು ಒಬ್ಬರನ್ನೊಬ್ಬರು ನಂಬಬೇಕಾದ ಜಾಲ. ಇಲ್ಲಿ ನಾಲ್ಕು ಸ್ವಿಚ್ಚು, ಒಬ್ಬರೇ ಒಡೆಯರು.

ದನಿಗೆ ಬೇಕಾದ್ದು ಎಷ್ಟು ಕಡಿಮೆ ಅಂತಲೂ ನೋಡಿ. ಜಿ.711 ಕೋಡೆಕ್ (ದನಿಯನ್ನು ಡಿಜಿಟಲ್ ಮಾಡುವ ಕ್ರಮ) ಎಂದರೆ ಸೆಕೆಂಡಿಗೆ 50 ಪ್ಯಾಕೆಟ್, ಪ್ರತಿಯೊಂದರಲ್ಲೂ 160 ಬೈಟ್ ದನಿ, ಹೆಡರ್ 40 ಬೈಟ್. ಈಥರ್ನೆಟ್ ಸೇರಿಸಿದರೂ ಒಂದು ದಿಕ್ಕಿಗೆ ಸುಮಾರು 87 ಕೆಬಿಪಿಎಸ್. ಇಪ್ಪತ್ತು ಜನ ಒಟ್ಟಿಗೆ ಮಾತಾಡಿದರೂ 2 ಎಂಬಿಪಿಎಸ್ ಆಗುವುದಿಲ್ಲ. 1000ದಲ್ಲಿ 2! ಇಷ್ಟಕ್ಕೆ ಮುಂದಿನ ಸೀಟು ಕೊಟ್ಟರೆ ಬ್ಯಾಕಪ್ಪಿಗೆ ಗೊತ್ತೇ ಆಗುವುದಿಲ್ಲ.

ಹೊಸಬ_ಧಾರವಾಡ

ಅಣ್ಣಾರ, ನಡುವೆ ಬಾಯಿ ಹಾಕ್ತೀನಿ. 1 ಜಿಬಿಪಿಎಸ್ ಲಿಂಕಿನಲ್ಲಿ ಸಾಲು ನಿಂತರೂ ಎಷ್ಟು ತಡ ಆದೀತು? 150 ಮಿಲಿಸೆಕೆಂಡ್ ತನಕ ತಡ ಆದರೂ ಮಾತಿಗೆ ತೊಂದರೆ ಇಲ್ಲ ಅಂತ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸು ಜಿ.114ರಲ್ಲಿ ಓದಿದ್ದೆ.

ರಾತ್ರಿಪಾಳಿ

ಒಳ್ಳೆಯ ಪ್ರಶ್ನೆ. ತುಂಬ ಜನ ಇಲ್ಲೇ ದಾರಿ ತಪ್ಪುತ್ತಾರೆ. 1500 ಬೈಟಿನ ಒಂದು ಪ್ಯಾಕೆಟ್ 1 ಜಿಬಿಪಿಎಸ್ ಪೋರ್ಟಿನಿಂದ ಹೊರಡಲು 12 ಮೈಕ್ರೊಸೆಕೆಂಡ್ ಸಾಕು. 1 ಎಂಬಿ ತುಂಬ ಸಾಲು ನಿಂತಿದ್ದರೂ 8 ಮಿಲಿಸೆಕೆಂಡಿನಲ್ಲಿ ಖಾಲಿ. ಆದ್ದರಿಂದ ಲ್ಯಾನ್ ಒಳಗೆ ದನಿ ಕೆಡುವುದು ತಡದಿಂದ ಅಲ್ಲ, ಪ್ಯಾಕೆಟ್ ಬಿದ್ದುಹೋಗುವುದರಿಂದ. ಬಫರ್ ತುಂಬಿದಾಗ ಬಂದದ್ದನ್ನು ಸ್ವಿಚ್ಚು ಎಸೆಯುತ್ತದೆ. ಬ್ಯಾಕಪ್ ಟಿಸಿಪಿ, ಅದು ಮತ್ತೆ ಕಳಿಸಿಕೊಳ್ಳುತ್ತದೆ. ದನಿ ಯುಡಿಪಿ, ಬಿದ್ದದ್ದು ಬಿದ್ದಹಾಗೆ. ಒಂದು ಪ್ಯಾಕೆಟ್ ಅಂದರೆ 20 ಮಿಲಿಸೆಕೆಂಡಿನ ಮಾತು.

ಅಂದರೆ ಇಲ್ಲಿ ಕ್ಯೂಒಎಸ್‌ನಿಂದ ಸಿಗುವ ದೊಡ್ಡ ಲಾಭ ಮೊದಲು ಹೋಗುವುದಲ್ಲ, ದನಿಗೆ ತನ್ನದೇ ಆದ ಬಫರ್ ಇರುವುದು.

ಹೊರಗಿನ ಲೈನಿನಲ್ಲಿ ಕತೆ ಉಲ್ಟಾ. 50 ಎಂಬಿಪಿಎಸ್‌ನಲ್ಲಿ ಅದೇ 1 ಎಂಬಿ ಖಾಲಿಯಾಗಲು 160 ಮಿಲಿಸೆಕೆಂಡ್ ಬೇಕು. ನೀವು ಹೇಳಿದ 150 ಅಲ್ಲಿಗೇ ಮುಗಿದುಹೋಯಿತು.

ದಾವಣಗೆರೆ_ಡೆಸ್ಕ್

ಎರಡನೇ ಕೇಬಲ್ ಎಳೆಯಲು ಎಲೆಕ್ಟ್ರಿಷಿಯನ್ ಬರಬೇಕು, ಅದಕ್ಕೆ ಇನ್ನೂ ಅಪ್ಪಣೆ ಸಿಕ್ಕಿಲ್ಲ. ಅಲ್ಲಿಯವರೆಗೆ ಕ್ಯೂಒಎಸ್ ಸರಿಯಾಗಿ ಹಾಕೋಣ. ಏನೇನು ಬದಲಿಸಬೇಕು ಸರ್? 'ಟ್ರಸ್ಟ್ ಡಿಎಸ್‌ಸಿಪಿ' ಹಾಕಿದರೆ ಸಾಕಾ?

ಕರಾವಳಿ_ಕ್ಯಾಟ್6

ಮಂಗಳೂರಿನಿಂದ. ಫೋನಿನ ಪೋರ್ಟಿಗೆ ಬರೀ 'ಟ್ರಸ್ಟ್ ಡಿಎಸ್‌ಸಿಪಿ' ಹಾಕಬೇಡಿ ಮಾರಾಯ್ರೆ. ಫೋನಿನ ಹಿಂದೆ ಕಂಪ್ಯೂಟರ್ ಇದೆ ಅಂದಿರಿ. ಆ ಪೋರ್ಟನ್ನು ನಂಬಿದರೆ ಕಂಪ್ಯೂಟರನ್ನೂ ನಂಬಿದ ಹಾಗೆ. ಯಾವುದೋ ಸಾಫ್ಟ್‌ವೇರ್ ತನ್ನ ಪ್ಯಾಕೆಟ್ಟಿಗೆಲ್ಲ 46 ಬರೆದುಕೊಂಡು ಬಂದರೆ ದನಿಯ ಸಾಲಿಗೆ ಅದೂ ನುಗ್ಗುತ್ತದೆ.

ರಾತ್ರಿಪಾಳಿ

ಸರಿಯಾಗಿ ಹೇಳಿದಿರಿ. ಹಾಗಾಗಿ ಹೀಗೆ ಮಾಡಿ.

ಫೋನಿನ ಪೋರ್ಟಿನಲ್ಲಿ: ಫೋನುಗಳಿಗೆ ಬೇರೆ ವಾಯ್ಸ್ ವೀಲ್ಯಾನ್ (ಒಳಜಾಲದಲ್ಲೇ ಬೇರ್ಪಡಿಸಿದ ಭಾಗ) ಇದೆ ಅಂದುಕೊಳ್ಳುತ್ತೇನೆ. ಆ ಸಬ್‌ನೆಟ್ಟಿನಿಂದ ಹೊರಡುವ ಯುಡಿಪಿ, ಪೋರ್ಟ್ ನಂಬರ್ (ಸ್ವಿಚ್ಚಿನ ಪೋರ್ಟಲ್ಲ, ಪ್ಯಾಕೆಟ್ಟಿನಲ್ಲಿ ಬರೆದದ್ದು) 10000ದಿಂದ 20000ದವರೆಗೆ ಹೋಗುವುದು, ಇಷ್ಟಕ್ಕೆ ಒಂದು ಆಕ್ಸೆಸ್ ಲಿಸ್ಟ್ ಬರೆಯಿರಿ. ಆಸ್ಟರಿಸ್ಕ್‌ನ ಮಾದರಿ ಆರ್‌ಟಿಪಿ (ದನಿ ಸಾಗಿಸುವ ಪ್ರೋಟೋಕಾಲ್) ಫೈಲಿನಲ್ಲಿ ಇದೇ ವ್ಯಾಪ್ತಿ ಇರುತ್ತದೆ, ನಿಮ್ಮಲ್ಲಿ ಬದಲಿಸಿದ್ದಾರಾ ನೋಡಿಕೊಳ್ಳಿ. ಕ್ಲಾಸ್ ಮ್ಯಾಪಿನಲ್ಲಿ ಅದನ್ನು ಹಿಡಿದು, ಪಾಲಿಸಿ ಮ್ಯಾಪಿನಲ್ಲಿ ಡಿಎಸ್‌ಸಿಪಿ ಇಎಫ್, ಅಂದರೆ 46, ಬರೆಯಿರಿ. ಸಿಪ್ ಸಿಗ್ನಲಿಂಗ್‌ಗೆ (ಕಾಲ್ ಜೋಡಿಸುವ ಸಂದೇಶಗಳಿಗೆ), ಅಂದರೆ ಪೋರ್ಟ್ ನಂಬರ್ 5060ಕ್ಕೆ, ಇನ್ನೊಂದು ಕ್ಲಾಸ್ ಮಾಡಿ ಸಿಎಸ್3, ಅಂದರೆ 24, ಕೊಡಿ. ಉಳಿದದ್ದೆಲ್ಲ ತಾನಾಗಿ 0 ಆಗುತ್ತದೆ, ಆಗಲಿ. ಹಳೆಯ ಟ್ರಸ್ಟ್ ಸಾಲು ತೆಗೆಯಿರಿ. ಒಂದೇ ಪೋರ್ಟಿನಲ್ಲಿ ಟ್ರಸ್ಟ್ ಸಾಲು, ಪಾಲಿಸಿ ಎರಡೂ ಇಟ್ಟುಕೊಳ್ಳುವುದು ತಲೆನೋವು. ಪಾಲಿಸಿ ಮ್ಯಾಪ್ ಬೇಕೆಂದರೆ 2960ರಲ್ಲಿ ಲ್ಯಾನ್ ಬೇಸ್ ಸಾಫ್ಟ್‌ವೇರ್ ಇರಬೇಕು.

ಅಪ್‌ಲಿಂಕಿನ ಎರಡೂ ತುದಿಯಲ್ಲಿ: 'ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿಎಸ್‌ಸಿಪಿ' ಮತ್ತು 'ಪ್ರಯಾರಿಟಿ-ಕ್ಯೂ ಔಟ್'. ಎರಡನೆಯದನ್ನು ಮರೆತರೆ ದನಿ ಒಂದನೇ ಸಾಲಿಗೆ ಬಂದರೂ ಅದು ಬರೀ ಹೆಸರಿಗೆ. ಡೀಫಾಲ್ಟಿನಲ್ಲಿ ಒಂದನೇ ಸಾಲು ಲಿಂಕಿನ 25ನೇ ಒಂದು ಭಾಗಕ್ಕೆ ಕಟ್ಟಿಹಾಕಿರುತ್ತದೆ. 'ಪ್ರಯಾರಿಟಿ-ಕ್ಯೂ ಔಟ್' ಹಾಕಿದರೆ ಆ ಕಟ್ಟು ಬಿಟ್ಟು ಅದು ನಿಜವಾಗಿ ಮೊದಲು ಹೋಗುತ್ತದೆ.

ಆಸ್ಟರಿಸ್ಕ್ ಪೋರ್ಟಿನಲ್ಲಿ: 3750 ಕಡೆ 'ಟ್ರಸ್ಟ್ ಡಿಎಸ್‌ಸಿಪಿ'. ಆಸ್ಟರಿಸ್ಕ್ ತಾನಾಗಿ ಏನೂ ಗುರುತು ಹಾಕುವುದಿಲ್ಲ. ಪಿಜೆಸಿಪ್ (ಆಸ್ಟರಿಸ್ಕ್‌ನ ಸಿಪ್ ಭಾಗ) ಎಂಡ್‌ಪಾಯಿಂಟಿನಲ್ಲಿ 'ಟಾಸ್_ಆಡಿಯೊ' ಇಎಫ್ ಅಂತ, ಟ್ರಾನ್ಸ್‌ಪೋರ್ಟಿನಲ್ಲಿ 'ಟಾಸ್' ಸಿಎಸ್3 ಅಂತ ನೀವೇ ಬರೆಯಬೇಕು. ಕೆಳಗಿನಿಂದ ಮೇಲಿನ ದಿಕ್ಕು ಇವತ್ತು ಚೆನ್ನಾಗಿದೆ ಅಂತ ಬಿಡಬೇಡಿ. ಯಾರಾದರೂ ನಾಸ್‌ನಿಂದ ರಿಸ್ಟೋರ್ ಹೊಡೆದ ದಿನ ಅದೂ ಕೆಡುತ್ತದೆ.

ಬಫರ್: ಡೀಫಾಲ್ಟಿನಲ್ಲಿ 40ರಿಂದ 47 ಒಂದನೇ ಸಾಲಿಗೆ, 0ಯಿಂದ 15 ಎರಡನೆಯದಕ್ಕೆ, 16ರಿಂದ 31 ಮೂರನೆಯದಕ್ಕೆ, ಉಳಿದದ್ದು ನಾಲ್ಕನೆಯದಕ್ಕೆ ಹೋಗುತ್ತದೆ. ಅದನ್ನು ಮುಟ್ಟುವ ಅಗತ್ಯ ಇಲ್ಲ. ಹಂಚಿಕೆಯನ್ನು ಮಾತ್ರ 25-25-25-25ರಿಂದ 15-55-15-15 ಮಾಡಿ: 'ಎಂಎಲ್‌ಎಸ್ ಕ್ಯೂಒಎಸ್ ಕ್ಯೂ-ಸೆಟ್ ಔಟ್‌ಪುಟ್ 1 ಬಫರ್ಸ್ 15 55 15 15'. ಎರಡನೇ ಸಾಲಿನ ಥ್ರೆಶೋಲ್ಡ್ 400-400-100-400 ಮಾಡಿದರೆ ಅದು ಸಾಮಾನ್ಯ ಬಫರ್‌ನಿಂದಲೂ ಸಾಲ ತೆಗೆದುಕೊಳ್ಳುತ್ತದೆ.

ಇಲ್ಲೊಂದು ತಮಾಷೆ ಇದೆ, ಹುಷಾರು. ಕಾನ್ಫಿಗ್ ಮಾಡುವಾಗ ಸಾಲುಗಳ ನಂಬರ್ 1ರಿಂದ 4. ಸ್ಟಾಟಿಸ್ಟಿಕ್ಸ್ ತೋರಿಸುವಾಗ 0ಯಿಂದ 3. 'ಕ್ಯೂ 1ರಲ್ಲಿ ಡ್ರಾಪ್' ಅಂತ ಕಂಡರೆ ದನಿ ಬೀಳುತ್ತಿದೆ ಅಂತ ಹೆದರಬೇಡಿ, ಅದು ಬ್ಯಾಕಪ್ಪಿನ ಸಾಲು.

ಹೊಸಬ_ಧಾರವಾಡ

ಫೋನಿನ ಕಡೆಯಿಂದ 'ಟ್ರಸ್ಟ್ ಸಿಒಎಸ್' ಹಾಕಿದರೆ ಆಗಲ್ವಾ? ನಮ್ಮಲ್ಲಿ ಹಾಗೇ ಇದೆ.

ಕರಾವಳಿ_ಕ್ಯಾಟ್6

ಆಗುತ್ತದೆ, ಆದರೆ ಮ್ಯಾಪ್ ನೋಡಿಕೊಳ್ಳಿ. ಸಿಒಎಸ್ ಇರುವುದು ವೀಲ್ಯಾನ್ ಗುರುತಿಸುವ 802.1ಕ್ಯೂ ಟ್ಯಾಗಿನೊಳಗಿನ ಮೂರು ಬಿಟ್‌ನಲ್ಲಿ, 0ಯಿಂದ 7. ಟ್ಯಾಗ್ ಇಲ್ಲದ ಪ್ಯಾಕೆಟ್ಟಿಗೆ ಅದು ಇರುವುದೇ ಇಲ್ಲ. ಡಿಎಸ್‌ಸಿಪಿ ಇರುವುದು ಐಪಿ ಹೆಡರಿನಲ್ಲಿ, ಆರು ಬಿಟ್, 0ಯಿಂದ 63. 1998ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 2474ರಿಂದ ಬಂದದ್ದು. ಈ ಸ್ವಿಚ್ಚುಗಳು ಡೀಫಾಲ್ಟಿನಲ್ಲಿ ಸಿಒಎಸ್ 5ನ್ನು ಡಿಎಸ್‌ಸಿಪಿ 40 ಮಾಡುತ್ತವೆ, 46 ಅಲ್ಲ. ಈ ಸ್ವಿಚ್ಚಿನೊಳಗೆ 40 ಕೂಡ ಒಂದನೇ ಸಾಲಿಗೇ ಹೋಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ರೌಟರಿನಲ್ಲಿ '46 ಬಂದರೆ ಮೊದಲು ಕಳಿಸು' ಅಂತ ಬರೆದಿದ್ದರೆ ಅಲ್ಲಿ ಸಿಕ್ಕಿಬೀಳುತ್ತೀರಿ. 'ಎಂಎಲ್‌ಎಸ್ ಕ್ಯೂಒಎಸ್ ಮ್ಯಾಪ್ ಸಿಒಎಸ್-ಡಿಎಸ್‌ಸಿಪಿ 0 8 16 24 32 46 48 56' ಅಂತ ಹಾಕಿ.

ಇನ್ನೊಂದು. ಸಣ್ಣ ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಸಿಒಎಸ್ 1 ಅಂದರೆ 0ಗಿಂತ ಮೇಲು ಅಂತ ಜನ ತಿಳಿಯುತ್ತಾರೆ. ಐಇಇಇ (ಮಾನದಂಡ ರೂಪಿಸುವ ಸಂಸ್ಥೆ) ಶಿಫಾರಸಿನ ಪ್ರಕಾರ 1 ಎಲ್ಲಕ್ಕಿಂತ ಕೆಳಗೆ, ಹಿನ್ನೆಲೆ ಕೆಲಸಕ್ಕೆ. ಮಾಮೂಲಿ ಟ್ರಾಫಿಕ್ 0. ಅಂಥ ಸ್ವಿಚ್ಚಿನಲ್ಲಿ 'ಪೋರ್ಟ್ ಬೇಸ್ಡ್' ಅನ್ನುವ ಆಯ್ಕೆಯನ್ನೂ ಬಿಡಿ, ಫೋನಿನ ಹಿಂದಿನ ಕಂಪ್ಯೂಟರಿಗೂ ವಿಐಪಿ ಪಾಸ್ ಸಿಕ್ಕಿಬಿಡುತ್ತದೆ. ಫ್ಲೋ ಕಂಟ್ರೋಲ್ ಆನ್ ಇದ್ದರೆ ಆಫ್ ಮಾಡಿ. 802.3ಎಕ್ಸ್‌ನ ಪಾಜ್ ಫ್ರೇಮ್ ('ಸ್ವಲ್ಪ ನಿಲ್ಲು' ಅನ್ನುವ ಸಂದೇಶ) ಬಂದರೆ ದನಿ, ಡೇಟಾ ನೋಡದೆ ಪೂರ್ತಿ ಪೋರ್ಟನ್ನೇ ನಿಲ್ಲಿಸುತ್ತದೆ. ಆಮೇಲೆ ನಿಮ್ಮ ಎಲ್ಲ ಸಾಲೂ ವ್ಯರ್ಥ.

ದಾವಣಗೆರೆ_ಡೆಸ್ಕ್

ಮೊದಲ ಮಹಡಿಗೆ ಹಾಕಿದೆ. ಇವತ್ತಿನ ಬ್ಯಾಕಪ್ ಹೊತ್ತಿಗೆ ಆ ಮಹಡಿಯಿಂದ ಮಾತು ಸ್ಪಷ್ಟವಾಗಿ ಬಂತು. ಎರಡನೇ ಮಹಡಿಯಲ್ಲಿ ಹಳೆಯ ಹಾಗೇ ಕಟ್ ಕಟ್, ಅಲ್ಲಿ ಇನ್ನೂ ಮುಟ್ಟಿಲ್ಲ. ಅಪ್‌ಲಿಂಕಿನಲ್ಲಿ ಹೊರಹೋಗುವ 46 ಏರುತ್ತಿದೆ. ಆದರೆ ಕ್ಯೂ 1ರಲ್ಲಿ, ನೀವು ಹೇಳಿದ ಬ್ಯಾಕಪ್ಪಿನ ಸಾಲಿನಲ್ಲಿ, ಡ್ರಾಪ್ ಇನ್ನೂ ಇದೆ. ಅದನ್ನೂ ಸೊನ್ನೆ ಮಾಡಬೇಕಾ?

ರಾತ್ರಿಪಾಳಿ

ಬೇಡ. 2 ಜಿಬಿಪಿಎಸ್‌ನ್ನು 1ರಲ್ಲಿ ತುರುಕುತ್ತಿದ್ದೀರಿ, ಎಲ್ಲೋ ಬೀಳಲೇಬೇಕು. ಬಿದ್ದಾಗಲೇ ಟಿಸಿಪಿ ತನ್ನ ವೇಗ ಇಳಿಸಿಕೊಳ್ಳುವುದು. ಬೀಳಬಾರದ ಸಾಲಿನಲ್ಲಿ ಬೀಳದಿದ್ದರೆ ಸಾಕು.

ಪರೀಕ್ಷೆಗೆ ಬ್ಯಾಕಪ್ ಕಾಯಬೇಕಾಗಿಲ್ಲ. ಆಕ್ಸೆಸ್ ಲಿಸ್ಟಿಗೆ ಸಿಗುವ ಹಾಗೆ ಒಂದು ಲ್ಯಾಪ್‌ಟಾಪನ್ನು ವಾಯ್ಸ್ ವೀಲ್ಯಾನಿಗೆ ಹಾಕಿ ಐಪರ್ಫ್3 ಅನ್ನುವ ಪರೀಕ್ಷಾ ಸಾಫ್ಟ್‌ವೇರಿನಲ್ಲಿ ಯುಡಿಪಿ 1 ಎಂಬಿಪಿಎಸ್ ಬಿಡಿ, ಸರ್ವರ್ ಪೋರ್ಟ್ 10000ದ ಮೇಲೆ ಇರಲಿ. ಉಳಿದ ಕಂಪ್ಯೂಟರುಗಳಿಂದ ಟಿಸಿಪಿ ತುಂಬಿಸಿ. ಯುಡಿಪಿ ನಷ್ಟ ಎಷ್ಟು ಅಂತ ಅದೇ ಹೇಳುತ್ತದೆ. ಟ್ರಸ್ಟ್ ಇರುವ ಪೋರ್ಟಿನಲ್ಲಿ ಪರೀಕ್ಷೆ ಮಾಡುವುದಾದರೆ ದೊಡ್ಡ ಎಸ್ ಆಯ್ಕೆಗೆ 184 ಕೊಡಿ. ಅದು ಪೂರ್ತಿ ಎಂಟು ಬಿಟ್‌ನ ಲೆಕ್ಕ, 46 ಗುಣಿಸು 4. ಅಲ್ಲಿ 46 ಅಂತಲೇ ಕೊಟ್ಟು 'ಕ್ಯೂಒಎಸ್ ಕೆಲಸ ಮಾಡ್ತಿಲ್ಲ' ಅನ್ನುವವರು ತುಂಬ ಜನ.

ದಾವಣಗೆರೆ_ಡೆಸ್ಕ್

ಸಂಜೆಯ ಕಾಯಿಲೆಗೆ ಏನು ಮದ್ದು ಸರ್? ರೌಟರಿಗೆ ಹೋಗುವ ಸ್ವಿಚ್ ಪೋರ್ಟಿಗೂ 'ಪ್ರಯಾರಿಟಿ-ಕ್ಯೂ ಔಟ್' ಹಾಕಿದೆ, ಏನೂ ಬದಲಾಗಿಲ್ಲ.

ರಾತ್ರಿಪಾಳಿ

ಆಗುವುದಿಲ್ಲ. ಆ ಪೋರ್ಟು 1 ಜಿಬಿಪಿಎಸ್, ಲೈನ್ 50 ಎಂಬಿಪಿಎಸ್. ಪೋರ್ಟಿನಲ್ಲಿ ಸಾಲೇ ನಿಲ್ಲುವುದಿಲ್ಲ. ಸಾಲು ನಿಲ್ಲುವುದು ಲೈನ್ ಕೊಟ್ಟವರ ಪೆಟ್ಟಿಗೆಯಲ್ಲಿ. ಅಲ್ಲಿ ನಿಮ್ಮ 46ಕ್ಕೆ ಬೆಲೆ ಇಲ್ಲ, ಹೆಚ್ಚಿನ ಇಂಟರ್ನೆಟ್ ಲೈನುಗಳಲ್ಲಿ ಗುರುತು ಗಣನೆಗೇ ಬರುವುದಿಲ್ಲ.

ಆ ಸಾಲನ್ನು ನಿಮ್ಮ ಮನೆಯೊಳಗೆ ಎಳೆದುಕೊಳ್ಳಬೇಕು. ರೌಟರಿನಲ್ಲಿ ಹೊರಹೋಗುವ ವೇಗವನ್ನು 47 ಎಂಬಿಪಿಎಸ್‌ಗೆ ಶೇಪ್ ಮಾಡಿ, ಅಂದರೆ ಅಷ್ಟಕ್ಕೆ ಮಿತಿ ಹಾಕಿ. ಈಗ ಸಾಲು ರೌಟರಿನಲ್ಲೇ ನಿಲ್ಲುತ್ತದೆ, ಅಲ್ಲಿ 46ಕ್ಕೆ ಪ್ರಯಾರಿಟಿ ಕೊಡಿ. ರೌಟರ್ ಲಿನಕ್ಸ್ ಆಧಾರದ್ದಾದರೆ ಎಫ್‌ಕ್ಯೂ-ಕೋಡೆಲ್ ಅಥವಾ ಕೇಕ್ ಅನ್ನುವ ಕ್ಯೂ ವಿಧಾನ ಹಾಕಿ. ಅವು ಪ್ರತಿ ಹರಿವಿಗೂ ಬೇರೆ ಸಾಲು ಮಾಡುವುದರಿಂದ ಗುರುತು ಇಲ್ಲದಿದ್ದರೂ ದನಿ ಅಪ್‌ಲೋಡಿನ ಹಿಂದೆ ಸಿಕ್ಕಿಕೊಳ್ಳುವುದಿಲ್ಲ. ನನಗೆ ಕೇಳಿದರೆ 50 ಎಂಬಿಪಿಎಸ್‌ನಂಥ ಲೈನಿಗೆ ಅದೇ ಸುಲಭ.

ವೈಫೈ_ಮೇಡಂ

ಇದೇ ಧಾಟಿಯಲ್ಲಿ ಒಂದು ಸೇರಿಸುತ್ತೇನೆ. ಮುಂದೆ ಯಾರಾದರೂ ಮೊಬೈಲಿನಲ್ಲಿ ಸಾಫ್ಟ್‌ಫೋನ್ ಹಾಕಿಕೊಂಡರೆ ವೈಫೈ ಕಡೆಯೂ ನೋಡಿ. ಹಲವು ಆಕ್ಸೆಸ್ ಪಾಯಿಂಟುಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ನೋಡಿ ವೈಫೈ ಪ್ರಯಾರಿಟಿ ತೆಗೆಯುತ್ತವೆ. 46ನ್ನು ಬಿಟ್ಟಿನಲ್ಲಿ ಬರೆದರೆ 101110. ಮೊದಲ ಮೂರು 101, ಅಂದರೆ 5. ವೈಫೈನಲ್ಲಿ 5 ವಿಡಿಯೊ ಸಾಲು, ದನಿಯ ಸಾಲು 6 ಮತ್ತು 7. ಅದಕ್ಕೇ 2018ರ ಆರ್‌ಎಫ್‌ಸಿ 8325 ಇಎಫ್‌ಗೆ 6 ಕೊಡಿ ಅನ್ನುತ್ತದೆ. ಕಂಟ್ರೋಲರಿನಲ್ಲಿ ಆ ಮ್ಯಾಪ್ ಬದಲಿಸುವ ಆಯ್ಕೆ ಇದ್ದರೆ ಬದಲಿಸಿ.

ದಾವಣಗೆರೆ_ಡೆಸ್ಕ್

ಧನ್ಯವಾದ ಮೇಡಂ. ಸದ್ಯಕ್ಕೆ ವೈಫೈ ಫೋನ್ ಇಲ್ಲ.

ಮೂರೂ ಮಹಡಿಗೆ ಹಾಕಿ ಮುಗಿಸಿದೆ. ಊಟದ ಹೊತ್ತಿನ ದೂರು ನಿಂತಿದೆ. ರೌಟರಿನಲ್ಲಿ 47ಕ್ಕೆ ಶೇಪ್ ಮಾಡಿ ಎಫ್‌ಕ್ಯೂ-ಕೋಡೆಲ್ ಹಾಕಿದ್ದೇನೆ. ನಿನ್ನೆ ಸಂಜೆ ಅಪ್‌ಲೋಡ್ ಓಡುವಾಗಲೇ ಯಜಮಾನರು ಹುಬ್ಬಳ್ಳಿಗೆ ಕಾಲ್ ಮಾಡಿದರು, ಬೈಗುಳ ಬರಲಿಲ್ಲ. ಎರಡನೇ ಕೇಬಲ್ಲಿಗೂ ಅಪ್ಪಣೆ ಸಿಕ್ಕಿದೆ.

ಹಳೇಕೇಬಲ್

ಹಾಗೆ ಬನ್ನಿ ದಾರಿಗೆ. ಈಥರ್‌ಚಾನಲ್ ಮಾಡುವಾಗ ಟ್ರಸ್ಟ್, ಪ್ರಯಾರಿಟಿ-ಕ್ಯೂ ಎರಡನ್ನೂ ಪೋರ್ಟ್ ಚಾನಲ್ಲಿಗಲ್ಲ, ಒಳಗಿನ ಎರಡು ಪೋರ್ಟಿಗೂ ಬೇರೆ ಬೇರೆಯಾಗಿ ಹಾಕಿ. ಮತ್ತೆ ನಾಲ್ಕೂ ಸ್ವಿಚ್ಚಿನಲ್ಲಿ 'ರೈಟ್ ಮೆಮೊರಿ' ಹೊಡೆದಿದ್ದೀರಲ್ವಾ? ಆರು ಗಂಟೆಗೆ ಮೇನ್ ಆಫ್ ಅಂತ ನೀವೇ ಹೇಳಿದ್ದು.

ದಾವಣಗೆರೆ_ಡೆಸ್ಕ್

ಹೊಡೆದಿದ್ದೇನೆ ಸರ್, ನಾಲ್ಕಕ್ಕೂ. ಇವತ್ತು ಬೆಳಗ್ಗೆ ಆನ್ ಆದ ಮೇಲೆ ಮತ್ತೊಮ್ಮೆ ನೋಡಿದೆ, ಎಲ್ಲ ಇದ್ದಲ್ಲೇ ಇದೆ.